ಗೋಸುಂಬೆಯ ಹೊಟ್ಟೆ, ಆಯಿಯ ಎಣ್ಣೆ

ಪಂಚಮಿ ಉಂಡಿಯ ಡಬ್ಬಿಗಳ ತಳ ಕಾಣುವ ಹೊತ್ತಿಗೆ ನಮ್ಮೂರು ಸವಡಿಯಲ್ಲಿ ಹೆಸರುಕಾಯಿ ಬಿಡಿಸುವ ದಿನಗಳು ಬಂದುಬಿಡುತ್ತಿದ್ದವು. ಆಗ ಈಗಿನಂತೆ ಯಂತ್ರಗಳಿರಲಿಲ್ಲ. ಕಾಯಿ ಕಪ್ಪಗಾದ ಹಾಗೆಲ್ಲ ಒಂದೊಂದನ್ನೇ ಕೈಯಿಂದ ಕಿತ್ತು ಉಡಿ ತುಂಬಿಕೊಳ್ಳಬೇಕಿತ್ತು. ಶ್ರಾವಣದ ಜಿಟಿಜಿಟಿ ಮಳೆ ಹಿಡಿದುಕೊಂಡರೆ ಕಾಳು ಗಿಡದಲ್ಲೇ ಮೊಳಕೆ ಒಡೆಯುತ್ತದೆ. ಅದಕ್ಕೇ ಮಳೆ ಬಿಡುವು ಕೊಟ್ಟ ದಿನ ಊರಿಗೆ ಊರೇ ಹೊಲದಲ್ಲಿರುತ್ತಿತ್ತು. ಸಾಲಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಕಾಣದಿದ್ದರೂ ಮಾಸ್ತರರು ಯಾಕೆಂದು ಕೇಳುತ್ತಿರಲಿಲ್ಲ. ಸಂಜೆಯಾದರೆ ಪ್ರತಿ ಮನೆಯ ಪಡಸಾಲೆಯಲ್ಲೂ ಒದ್ದೆ ಹೆಸರುಕಾಯಿಯ ರಾಶಿ, ಅದರ ಹಸಿ ವಾಸನೆ, ಕೆಳಗಿನಿಂದ ಹೊರಬಿದ್ದು ಗೋಡೆ ಹತ್ತುವ ಸಣ್ಣ ಹಸಿರು ಹುಳುಗಳು. ಆ ವಾಸನೆಯನ್ನು ಬಲ್ಲವರಿಗೆ ನಾನು ಹೇಳುವುದು ತಿಳಿದೀತು.

ನನಗೆ ಆಗ ಹತ್ತು ವರ್ಷ. ಅಪ್ಪ, ಅವ್ವ, ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಮಂಜು, ಮೂವರೂ ಬೆಳಗಿನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ನನ್ನನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು, ಆಯಿಯನ್ನು ನೋಡಿಕೊಳ್ಳಲು. ಆಯಿ ಎಂದರೆ ಅಪ್ಪನ ತಾಯಿ. ಒಂದು ಕಾಲಕ್ಕೆ ಗಟ್ಟಿ ಹೆಂಗಸು. ಓಣಿಯ ಎಷ್ಟೋ ಹೆಣ್ಣುಮಕ್ಕಳ ಬಾಣಂತನ ಮಾಡಿದವಳು. ನಾನು ಕಾಣುವ ಹೊತ್ತಿಗೆ ಎರಡೂ ಮೊಣಕಾಲು ಸೋತು, ಗೋಡೆ ಹಿಡಿದು ಹತ್ತು ಹೆಜ್ಜೆ ಇಟ್ಟರೆ ಇಪ್ಪತ್ತು ಸಲ ಉಸಿರು ಬಿಡುತ್ತಿದ್ದಳು. ಮೇಲೆ ಮಲಬದ್ಧತೆಯ ಕಾಟ. ದಿನಾ ಬೆಳಿಗ್ಗೆ ಒಂದು ಚಮಚ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಕುಡಿದರೆ ಮಾತ್ರ ಹೊಟ್ಟೆ ಮಾತು ಕೇಳುತ್ತಿತ್ತು. ಆ ಎಣ್ಣೆಯ ಬಾಟಲಿ ಅವಳ ಹೊರಸಿನ ತಲೆದೆಸೆಯಲ್ಲಿದ್ದ ಗೋಡೆಯ ಗೂಡಿನಲ್ಲಿ ಇರುತ್ತಿತ್ತು.

ನೀರು ಕೊಡುವುದು, ಎಲೆ ಅಡಿಕೆ ಕುಟ್ಟಿ ಕೊಡುವುದು ನನಗೆ ಕಷ್ಟದ ಕೆಲಸವಲ್ಲ. ಕಷ್ಟದ್ದು ಇನ್ನೊಂದಿತ್ತು. "ಗಿರಿಜವ್ವಾ, ಕೈ ಕೊಡ ಬಾ" ಎಂದು ಆಯಿ ಕರೆದಳೆಂದರೆ ಅವಳ ಭಾರವನ್ನೆಲ್ಲ ನನ್ನ ಹೆಗಲ ಮೇಲೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ತಂಬಿಗೆ ಹಿಡಿದು, ಹಿತ್ತಲ ತುದಿಯಲ್ಲಿದ್ದ ತಗಡಿನ ಸಂಡಾಸಿನವರೆಗೆ ಕರೆದೊಯ್ಯಬೇಕು. ಹಿತ್ತಲ ಗೋಡೆ ಒಂದು ಕಡೆ ಕುಸಿದುಹೋಗಿತ್ತು. ಅದರಾಚೆಯ ಬಯಲಿನಲ್ಲಿ ಓಣಿಯ ಹುಡುಗಿಯರು ಕುಂಟಾಟ ಆಡುತ್ತಿದ್ದರು. ನಾವಿಬ್ಬರೂ ಕಂಡ ಕೂಡಲೇ ಅವರಲ್ಲಿ ಒಬ್ಬಳು ಮೂಗು ಹಿಡಿದುಕೊಂಡು, "ಬಂತ ನೋಡ್ರೇ ತಂಬಗಿ ಮೆರವಣಿಗಿ!" ಎಂದು ಕೂಗುತ್ತಿದ್ದಳು. ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಆಯಿಗೆ ಕಿವಿ ಮಂದವಾಗಿರಲಿಲ್ಲ. ಆದರೂ ಕೇಳಿಸದವಳಂತೆ ನೆಲ ನೋಡುತ್ತ ನಡೆಯುತ್ತಿದ್ದಳು. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಆ ವರ್ಷ ಪಂಚಮಿಯ ಮರುದಿನ ಅಪ್ಪ ನಮ್ಮನ್ನೆಲ್ಲ ಚಕ್ಕಡಿಯಲ್ಲಿ ಕೂರಿಸಿಕೊಂಡು ಹೊಲ ನೋಡಲು ಹೊರಟಿದ್ದ. ದಾರಿಯ ಎರಡೂ ಬದಿಗೆ ಜಾಲಿ ಬೇಲಿ. ಮಂಜು ಒಮ್ಮೆಲೇ ಕೆಳಗೆ ಹಾರಿ ಕಲ್ಲು ಎತ್ತಿಕೊಂಡ.

"ಗೋಸುಂಬಿ! ಕಡದ್ರ ಸತ್ತ ಹೋಗ್ತಾರ, ಸರೀರಿ ಎಲ್ಲಾರೂ!"

ಎತ್ತುಗಳ ಮುಂದೆ, ಒದ್ದೆ ಎರೆಮಣ್ಣಿನ ಮೇಲೆ, ಎಲೆ ಹಸಿರಿನ ಪ್ರಾಣಿಯೊಂದು ದಾರಿ ದಾಟುತ್ತಿತ್ತು. ಒಂದು ಕಾಲು ಮುಂದಿಟ್ಟು, ಹಿಂದೆ ತೂಗಿ, ಮತ್ತೆ ಮುಂದಿಟ್ಟು, ದೊಡ್ಡಾಟದಲ್ಲಿ ರಾಜನ ವೇಷ ರಂಗಕ್ಕೆ ಬರುವ ಹಾಗೆ ಗತ್ತಿನಿಂದ ನಡೆಯುತ್ತಿತ್ತು. ಒಂದು ಕಣ್ಣು ಮಂಜುವಿನ ಕಲ್ಲಿನ ಕಡೆ, ಇನ್ನೊಂದು ಆಕಾಶದ ಕಡೆ.

"ಒಗಿಬ್ಯಾಡಲೇ. ತನ್ನ ದಾರಿ ತಾ ಹಿಡದೈತಿ, ಹೋಗ್ಲಿ ಬಿಡು," ಎಂದ ಅಪ್ಪ.

ನಾನು ಅಷ್ಟರಲ್ಲಿ ಇಳಿದು ಮಧ್ಯೆ ನಿಂತಿದ್ದೆ. ಕೈಯಲ್ಲಿದ್ದ ಕಡ್ಡಿಯನ್ನು ಅದರ ಮುಂದೆ ಹಿಡಿದೆ. ಚಿಮುಟದಂಥ ಪಾದಗಳಿಂದ ಕಡ್ಡಿಯನ್ನು ಹಿಡಿದು, ಬಾಲ ಸುತ್ತಿ, ಅದು ನನ್ನದಾಗಿಬಿಟ್ಟಿತು. ಅವ್ವ ಬೇಡವೆಂದಳು. "ಆ ಪೀಡಾ ಮನಿಯಾಗ ತರಬ್ಯಾಡ" ಎಂದಳು. ಕೊನೆಗೆ ಹಿತ್ತಲಲ್ಲಿ ಮಾತ್ರ ಇಟ್ಟುಕೊಳ್ಳಬೇಕೆಂದು ಅಪ್ಪ ತೀರ್ಪು ಕೊಟ್ಟ. ನಾನು ಅದಕ್ಕೆ ರಾಜಾ ಎಂದು ಹೆಸರಿಟ್ಟೆ. ಹಗಲೆಲ್ಲ ಹಿತ್ತಲ ಕರಿಬೇವಿನ ಗಿಡದ ಮೇಲೆ, ಹೊತ್ತು ಮುಳುಗಿದರೆ ಮುಚ್ಚಳವಿದ್ದ ಹಳೆಯ ರೊಟ್ಟಿ ಬುಟ್ಟಿಯೊಳಗೆ ಅದರ ಬಿಡಾರ.

ರಾಜಾನನ್ನು ನಾನು ಸಾಕಿದ ಪರಿ ನೆನೆದರೆ ಈಗಲೂ ನಗು ಬರುತ್ತದೆ, ಆ ನಗು ಮುಗಿಯುವುದರೊಳಗೆ ಮುಖ ಕೆಂಪಾಗುತ್ತದೆ. ಬೇಲಿ ಬೇಲಿ ಅಲೆದು ಮಿಡತೆ ಹಿಡಿದು ತರುತ್ತಿದ್ದೆ. ಒಂದು ಗೇಣು ದೂರದಿಂದ ನಾಲಿಗೆ ಚಿಮ್ಮಿಸಿ ಅದು ಮಿಡತೆ ಎಳೆದುಕೊಳ್ಳುವುದನ್ನು ನೋಡಲು ಓಣಿಯ ಹುಡುಗಿಯರೂ ಬರುತ್ತಿದ್ದರು. ನನ್ನನ್ನು ನೋಡಿ ನಕ್ಕವರೇ "ಗಿರಿಜಾ, ಇನ್ನೊಂದ್ಸಲ ತೋರಸ" ಎಂದು ಬೇಡಿಕೊಳ್ಳುತ್ತಿದ್ದರು. ಆ ಮರ್ಯಾದೆ ನನಗೆ ದೊಡ್ಡದಾಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಬುಟ್ಟಿ ತೆರೆದು ರಾಜಾ ಹೊಟ್ಟೆ ಖಾಲಿ ಮಾಡಿದ್ದಾನೋ ಇಲ್ಲವೋ ನೋಡುತ್ತಿದ್ದೆ. ಕಪ್ಪು ಹಿಕ್ಕೆ, ತುದಿಗೆ ಬಿಳಿ ಚುಕ್ಕೆ. ಅದನ್ನು ಅಂಗೈಯಲ್ಲಿ ಹಿಡಿದು, ಒಣಗಿದೆಯೋ ಮೆತ್ತಗಿದೆಯೋ ಎಂದು ಕಡ್ಡಿಯಿಂದ ಕೆದಕಿ ನೋಡುತ್ತಿದ್ದೆ. ಊಟಕ್ಕೆ ಕೂತಾಗ ವರದಿ ಒಪ್ಪಿಸುತ್ತಿದ್ದೆ.

"ಇವತ್ತ ರಾಜಾ ಎರಡ ಸಲ ಹೋಗ್ಯಾನ!"

"ಉಣ್ಣೂ ಮುಂದ ಏನ್ ಮಾತವಾ ಅದು!" ಎಂದು ಅವ್ವ ಗದರಿದರೆ, ಆಯಿ ಹೊರಸಿನ ಮೇಲಿಂದ ನಗುತ್ತಿದ್ದಳು. "ನನ್ನಕಿಂತ ಪುಣ್ಯವಂತ ಅದಾನ ತಗೋ ನಿಮ್ಮ ರಾಜಾ."

ಎರಡು ವಾರ ಹೀಗೆ ಚೆನ್ನಾಗಿ ನಡೆಯಿತು. ಆಮೇಲೆ ಮೋಡ ಕವಿಯಿತು, ಬಿಸಿಲು ಮಾಯವಾಯಿತು. ರಾಜಾ ಮಿಡತೆ ಮುಂದಿಟ್ಟರೂ ನಾಲಿಗೆ ಬಿಡುವುದನ್ನು ನಿಲ್ಲಿಸಿದ. ಬುಟ್ಟಿಯಲ್ಲಿ ಹಿಕ್ಕೆ ಇಲ್ಲ. ಒಂದು ದಿನ, ಎರಡು ದಿನ, ಐದು ದಿನ. ಹೊಟ್ಟೆ ಎರಡೂ ಬದಿಗೆ ಉಬ್ಬಿ ಬಿಗಿಯಾಯಿತು. ಮುಟ್ಟಿದರೆ ಬಾಯಿ ತೆರೆದು ಬುಸ್ಸೆಂದು ಮೈ ಕಪ್ಪಗೆ ಮಾಡಿಕೊಳ್ಳುತ್ತಿದ್ದ. ನಾನು ತಿನ್ನಿಸಿದ್ದೇ ಹೆಚ್ಚಾಗಿ ಒಳಗೆ ಗಂಟು ಬಿದ್ದಿದೆ, ನಾನೇ ಕೊಂದೆ ಎಂದುಕೊಂಡೆ.

ಊರಿನ ದನದ ದವಾಖಾನೆಯಲ್ಲಿ ಒಬ್ಬ ಕಂಪೌಂಡರ್ ಇದ್ದ. ಅವನ ಹತ್ತಿರ ಓಡಿದೆ.

"ಕಾಕಾ, ಹೊಟ್ಟಿ ಉಬ್ಬಿದ್ರ ಏನ್ ಹಾಕ್ತೀರಿ?"

"ಯಾವುದಕ್ಕವಾ? ಎತ್ತಿಗೋ, ಎಮ್ಮಿಗೋ?"

"ಗೋಸುಂಬಿಗೆರಿ."

ಅವನು ಕನ್ನಡಕ ತೆಗೆದು ನನ್ನನ್ನು ನೋಡಿ, ಬೆಂಚಿನ ಮೇಲೆ ಕೂತಿದ್ದ ರೈತರಿಗೆಲ್ಲ ಕೇಳುವ ಹಾಗೆ ನಕ್ಕ. "ಎತ್ತಾದ್ರ ಬಿದಿರ ಗೊಟ್ಟದಾಗ ಎಣ್ಣಿ ಹಾಕ್ತೇವಿ. ನಿನ್ನ ಗೋಸುಂಬಿಗೂ ಒಂದ ಹನಿ ಹಾಕ, ಹೋಗು."

ಅವನು ಚೇಷ್ಟೆಗೆ ಅಂದದ್ದನ್ನು ನಾನು ಔಷಧಿ ಎಂದು ತಿಳಿದು ಬಂದೆ. ಆಯಿ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ತುದಿಗಾಲ ಮೇಲೆ ನಿಂತು ಗೂಡಿನಿಂದ ಬಾಟಲಿ ತೆಗೆದೆ. ಹೊರಗೆ ತಂದು ಬಿರಡೆ ಬಿಚ್ಚುವಾಗ ಎಣ್ಣೆಗೈ ಜಾರಿತು. ಬಾಟಲಿ ಒಡೆಯಲಿಲ್ಲ, ಆದರೆ ಇದ್ದ ಎಣ್ಣೆಯೆಲ್ಲ ಹಿತ್ತಲ ಕಲ್ಲಿನ ಮೇಲೆ ಹರಿದುಹೋಯಿತು. ತಳದಲ್ಲಿ ಉಳಿದದ್ದು ನಾಲ್ಕೈದು ಹನಿ. ಅದನ್ನು ಕಸಬರಿಗೆ ಕಡ್ಡಿಯಲ್ಲಿ ಅದ್ದಿ ರಾಜಾನ ಬಾಯಿಗೆ ಸವರಿದೆ. ಕಲ್ಲಿನ ಮೇಲೆ ಬೂದಿ ಹಾಕಿ ಒರೆಸಿದೆ. ಆಮೇಲೆ ಅಡುಗೆಮನೆಯ ಡಬ್ಬಿಯಿಂದ ಕುಸುಬೆ ಎಣ್ಣೆ ಸುರಿದು ಬಾಟಲಿ ತುಂಬಿ, ಇದ್ದ ಜಾಗದಲ್ಲೇ ಇಟ್ಟೆ. ಬಣ್ಣ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಆಯಿ ಎಂದಿನಂತೆ ಚಮಚಕ್ಕೆ ಹೊಯ್ದುಕೊಂಡಳು. ಬಾಯಿಗೆ ಹಾಕಿಕೊಂಡವಳು ಅರೆಕ್ಷಣ ಹಾಗೇ ತಡೆದು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅವಳು ನುಂಗಿದಳು.

ಹೀಗೆ ನಾಲ್ಕು ದಿನ. ಮನೆಯಲ್ಲಿ ಎರಡು ಹೊಟ್ಟೆಗಳು ಬಿಗಿದು ಕೂತಿದ್ದವು. ನಾನು ಚಿಂತೆ ಮಾಡಿದ್ದು ಒಂದರದ್ದು ಮಾತ್ರ. ಆಯಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೊರಸಿನ ಮೇಲೆ ಹೊರಳುತ್ತಿದ್ದಳು. ಸಣ್ಣಗೆ ನರಳುತ್ತಿದ್ದಳು. ನಾನು ಹಿತ್ತಲಿನಲ್ಲಿ ರಾಜಾನ ಹೊಟ್ಟೆಯನ್ನು ಬೆರಳಿನಿಂದ ನೀವುತ್ತಿದ್ದೆ.

"ಯಾಕ್ರಿ ಅತ್ತಿ, ಎಣ್ಣಿ ತಗೊಳ್ಳಾಕತ್ತೀರಿಲ್ಲೋ?" ಎಂದು ಅವ್ವ ಕೇಳಿದಳು.

"ತಗೋತೇನವಾ. ವಯಸ್ಸಾತು, ಎಣ್ಣಿನೂ ಹತ್ತವಲ್ದು."

ಐದನೆಯ ದಿನ ಅಪ್ಪ ರೋಣಕ್ಕೆ ಹೋಗಿ ಡಾಕ್ಟರರಿಗೆ ಹೇಳಿ ಜುಲಾಬಿನ ಗುಳಿಗೆ ತಂದ. ಮರುದಿನ ಮಳೆ ಬಿಡುವು ಕೊಟ್ಟಿತ್ತು. ಹೊಲದಲ್ಲಿ ಕಾಯಿ ಸಿಡಿಯುತ್ತಿದ್ದವು, ಆಳುಗಳು ಬರುವವರಿದ್ದರು. ಅವ್ವ ಹೊರಡುವ ಮುಂಚೆ ಆಯಿಗೆ ಗುಳಿಗೆ ನುಂಗಿಸಿ, ನನ್ನ ಎರಡೂ ಭುಜ ಹಿಡಿದು ಹೇಳಿದಳು:

"ಇವತ್ತ ಎಲ್ಲೂ ಹೋಗಬ್ಯಾಡ. ಆಯಿ ಕರದ ಕೂಡ್ಲೆ ಓಡಿ ಬರಬೇಕು. ತಿಳೀತಿಲ್ಲೋ?"

"ಹೂಂ," ಎಂದೆ.

ಅಂದು ಬೆಳಗಿನಿಂದ ರಾಜಾನಿಗೆ ಒಂದು ಬಗೆಯ ಚಡಪಡಿಕೆ. ಬುಟ್ಟಿಯ ತಳವನ್ನು ಮುಂಗಾಲಿನಿಂದ ಕೆರೆಯುತ್ತಿದ್ದ. ಸಾಯುವ ಮುಂಚಿನ ಸಂಕಟ ಎಂದು ನಾನು ತಿಳಿದೆ. ಕರಿಬೇವಿನ ಗಿಡದ ಮೇಲೆ ಬಿಟ್ಟರೆ ಇಳಿದು ಬರುತ್ತಿದ್ದ. ಗೋಡೆಯಾಚೆಯಿಂದ ಹುಡುಗಿಯರು ಕುಂಟಾಟ ನಿಲ್ಲಿಸಿ ಬಂದು ನನ್ನ ಸುತ್ತ ಕೂತಿದ್ದರು. ಎಲ್ಲರೂ ಮರುಗುತ್ತಿದ್ದರು. ಆಗ ಒಳಗಿನಿಂದ ಕರೆ ಬಂತು.

"ಗಿರಿಜವ್ವಾ, ಕೈ ಕೊಡ ಬಾ."

"ಬಂದೆ ತಡಿ ಆಯಿ!" ಎಂದು ಕೂಗಿದೆ. ಎದ್ದೇಳಲಿಲ್ಲ. ಈಗ ಎದ್ದರೆ, ಈ ಹುಡುಗಿಯರ ಎದುರಿನಲ್ಲೇ ತಂಬಿಗೆ ಹಿಡಿದು ನಡೆಯಬೇಕು. ಇವರು ಹೋಗಲಿ, ಆಮೇಲೆ ಹೋದರಾಯಿತು ಎಂದುಕೊಂಡೆ.

ಎರಡನೆಯ ಸಲ ಕರೆದಳು. ಹುಡುಗಿಯೊಬ್ಬಳು ಕಿಸಕ್ಕೆಂದಳು. ನಾನು ಬಗ್ಗಿ ರಾಜಾನ ಹೊಟ್ಟೆ ನೋಡತೊಡಗಿದೆ. ಮೂರನೆಯ ಸಲದ ದನಿ ಸಣ್ಣದಾಗಿತ್ತು. "ಲಗೂ ಬಾರವಾ… ತಂಗೀ…" ಆಮೇಲೆ ಕರೆ ನಿಂತಿತು.

ಕರೆ ನಿಂತದ್ದಕ್ಕೆ ನನಗೆ ಸಮಾಧಾನವಾಗಿತ್ತು. ಈ ಒಂದು ಮಾತನ್ನು ಕಾಗದದ ಮೇಲೆ ಇಳಿಸಲು ನನಗೆ ಇಷ್ಟು ವರ್ಷ ಬೇಕಾಯಿತು.

ಹುಡುಗಿಯರು ಹೋದ ಮೇಲೆ ಒಳಗೆ ಹೋದೆ. ಆಯಿ ಹೊರಸಿನ ಮೇಲೆ ಇರಲಿಲ್ಲ. ತಾನೇ ಎದ್ದು ಗೋಡೆ ಹಿಡಿದು ನಡುಮನೆಯ ಹೊಸ್ತಿಲವರೆಗೆ ಬಂದಿದ್ದಳು. ಅಲ್ಲಿ ಕಾಲು ಸೋತು ಕುಸಿದು ಕೂತಿದ್ದಳು. ಸೀರೆ, ನೆಲ ಎಲ್ಲ ಹೊಲಸಾಗಿತ್ತು. ನನ್ನನ್ನು ಕಂಡ ಕೂಡಲೇ ಸೆರಗು ಎಳೆದೆಳೆದು ಅದನ್ನು ಮುಚ್ಚಲು ನೋಡಿದಳು. ಮುಚ್ಚುವಷ್ಟು ಸೆರಗು ಇರಲಿಲ್ಲ. ಅವಳು ನನ್ನನ್ನು ಬೈಯಲಿಲ್ಲ. ಹತ್ತು ವರ್ಷದ ನನ್ನೆದುರು, ತಪ್ಪು ಮಾಡಿದ ಮಗುವಿನಂತೆ ಮುಖ ತಗ್ಗಿಸಿದಳು.

"ಒಳಗ ಬರಬ್ಯಾಡವಾ. ಹೊಲಸ ಐತಿ. ಹೊರಗ ಆಡ ಹೋಗು."

ನಾನು ಏನು ಮಾಡಿದೆ? ಮೂಗು ಹಿಡಿದುಕೊಂಡೆ. ಗೋಸುಂಬೆಯ ಹಿಕ್ಕೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದವಳು, ನನ್ನನ್ನು ತೊಳೆದು ಬಳಿದು ಬೆಳೆಸಿದ ಆಯಿಯ ಎದುರು ಮೂಗು ಹಿಡಿದುಕೊಂಡು ಹಿಂದೆ ಸರಿದೆ. ಒಂದು ತಂಬಿಗೆ ನೀರನ್ನಾದರೂ ಕೊಡಲಿಲ್ಲ. ಹಿತ್ತಲಿಗೆ ಹೋಗಿ ಕರಿಬೇವಿನ ಬುಡದಲ್ಲಿ ಕೂತುಬಿಟ್ಟೆ. ಒಳಗೆ ಕೊಡ ಜರುಗಿಸುವ ಸಪ್ಪಳ, ನೀರಿನ ಸಪ್ಪಳ, ನಡುನಡುವೆ "ಶಿವನೇ" ಎಂಬ ಉಸಿರು ಕೇಳುತ್ತಿತ್ತು. ಕೂತಲ್ಲೇ ತೆವಳುತ್ತ ಆಯಿ ತನ್ನನ್ನೂ ನೆಲವನ್ನೂ ತೊಳೆದುಕೊಳ್ಳುತ್ತಿದ್ದಳು. ದನ ಮನೆಗೆ ಬರುವವರೆಗೂ ನಾನು ಅಲ್ಲಿಂದ ಏಳಲಿಲ್ಲ.

ಅವ್ವ ಬಂದು ನೋಡಿದಾಗ ಆಯಿ ಒದ್ದೆ ಸೀರೆಯಲ್ಲಿ ನಡುಗುತ್ತ ಗೋಡೆಗೆ ಒರಗಿದ್ದಳು. ಅವ್ವನ ಕೂಗು ಹಿತ್ತಲಿಗೆ ಕೇಳಿಸಿತು.

"ಈಕಿ ಎಲ್ಲಿ ಹಾಳಾಗಿ ಹೋಗಿದ್ಲ್ರಿ? ಏ ಗಿರಿಜಾ!"

ನಾನು ಬಾಗಿಲಿಗೆ ಬಂದು ನಿಂತೆ. ಅವ್ವನ ಕೈ ಎದ್ದಿತ್ತು. ಆಯಿ ಅವಳ ಸೆರಗು ಹಿಡಿದಳು.

"ಆಕಿನ್ನ ಬಡಿಬ್ಯಾಡ. ಹುಡುಗಿ ಇಲ್ಲೇ ಇದ್ಲು. ನಾನ ಕರೀಲಿಲ್ಲ. ಹೋಗ್ತೇನಂತ ಸೊಕ್ಕಿಲೆ ನಾನ ಎದ್ದೆ."

ನಾನು ಅಲ್ಲೇ ನಿಂತು ಆ ಸುಳ್ಳನ್ನು ಕೇಳಿಸಿಕೊಂಡೆ. ಅಲ್ಲ ಎನ್ನಲಿಲ್ಲ. ಅವ್ವ ನೀರು ಕಾಸಿ ಆಯಿಗೆ ಸ್ನಾನ ಮಾಡಿಸಿದಳು. ಹಂಡೆಯಿಂದ ಬಿಸಿನೀರು ತಂದು ಕೊಡು ಎಂದಾಗ ಕೊಟ್ಟೆ. ಆಯಿ ಹೊಗೆಯ ನಡುವಿನಿಂದ ನನ್ನನ್ನು ನೋಡಿ ನಗಲು ಯತ್ನಿಸಿದಳು. ನಾನು ತಂಬಿಗೆ ಇಟ್ಟು ಓಡಿಬಂದೆ.

ಎರಡು ದಿನ ಕಳೆಯಿತು. ರಾಜಾ ಸಾಯಲಿಲ್ಲ, ಸುಮ್ಮನೂ ಇರಲಿಲ್ಲ. ಬುಟ್ಟಿಯ ತಳ ಕೆರೆದು ಕೆರೆದು ಉಗುರು ಸವೆಸಿಕೊಂಡಿದ್ದ. ಮನೆಯಲ್ಲಿ ಆಯಿ, ನಾನು ಇಬ್ಬರೇ. ಬೇರೆ ದಾರಿ ಕಾಣದೆ ಬುಟ್ಟಿಯನ್ನು ಎತ್ತಿಕೊಂಡು ಅವಳ ಹೊರಸಿನ ಹತ್ತಿರ ಹೋದೆ. ಅಂದಿನ ಮೇಲೆ ನಾನು ಅವಳ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಆಯಿ, ರಾಜಾ ಸಾಯಾಕತ್ಯಾನ. ಹೊಟ್ಟಿ ನೋಡು. ಹನ್ನೆರಡ ದಿನದ ಮ್ಯಾಲಾತು, ಹೊರಗ ಹೋಗಿಲ್ಲ."

ಆಯಿ ಎದ್ದು ಕೂತಳು. ಹೆದರದೆ ಅದನ್ನು ಅಂಗೈ ಮೇಲೆ ತೆಗೆದುಕೊಂಡಳು. ಕಣ್ಣು ಮುಚ್ಚಿ, ಎರಡು ಬೆರಳುಗಳಿಂದ ಅದರ ಹೊಟ್ಟೆಯನ್ನು ಎಷ್ಟು ಹಗುರಾಗಿ ಮುಟ್ಟಿದಳೆಂದರೆ ರಾಜಾ ಬಾಯಿ ಕೂಡ ತೆರೆಯಲಿಲ್ಲ.

"ಅಯ್ಯ ಹುಚ್ಚಿ! ಇದು ರಾಜಾ ಅಲ್ಲವಾ, ರಾಣಿ. ಬಸುರಿ ಐತಿ. ಒಳಗ ಕಾಳ ಕಾಳ ಹತ್ತತಾವ ನೋಡು, ತತ್ತಿ. ಮಣ್ಣ ಬೇಕ ಇದಕ್ಕ, ಮಣ್ಣ! ತತ್ತಿ ಇಡಾಕ ಜಾಗಾ ಇಲ್ಲದ ಬುಟ್ಟಿ ಕೆರದೈತಿ ಪಾಪ."

ಅಜೀರ್ಣವೂ ಅಲ್ಲ, ಮಲಬದ್ಧತೆಯೂ ಅಲ್ಲ. ಎಣ್ಣೆ ಬೇಕಾಗಿಯೇ ಇರಲಿಲ್ಲ.

"ನಡಿ, ಹಿತ್ತಲಕ್ಕ ಹೋಗೂಣು," ಎಂದಳು ಆಯಿ. ನನ್ನ ಹೆಗಲು ಹಿಡಿಯದೆ ಗೋಡೆಯನ್ನೇ ಹಿಡಿದು ಬಂದಳು. ನಾನು ಕೈ ಚಾಚಿದೆ. ಅವಳು ನೋಡದವಳಂತೆ ಮುಂದೆ ಹೋದಳು. ಸಿಟ್ಟಿನಿಂದಲ್ಲ. ನನಗೆ ತೊಂದರೆ ಆಗಬಾರದೆಂದು.

ಮಳೆಗೆ ನೆನೆದು ಮೆತ್ತಗಾದ ಮಣ್ಣಿನ ಮೇಲೆ ರಾಣಿಯನ್ನು ಬಿಟ್ಟೆವು. ಅದು ಸ್ವಲ್ಪ ಹೊತ್ತು ಅತ್ತಿತ್ತ ತೂಗಾಡಿ, ಕರಿಬೇವಿನ ಬುಡದ ಹತ್ತಿರ ಒಂದು ಜಾಗ ಹಿಡಿದು ಮುಂಗಾಲಿನಿಂದ ತೋಡತೊಡಗಿತು. ಇಡೀ ಮಧ್ಯಾಹ್ನ ತೋಡಿತು. ತಲೆ ಮುಳುಗುವಷ್ಟು ಆಳವಾದ ಮೇಲೆ ತಿರುಗಿ, ಬಾಲದ ಕಡೆಯಿಂದ ಒಳಗೆ ಇಳಿಯಿತು. ತಲೆ ಮಾತ್ರ ಹೊರಗೆ. ಆಯಿ ಕಲ್ಲಿನ ಮೇಲೆ, ನಾನು ನೆಲದ ಮೇಲೆ. ಇಬ್ಬರೂ ನೋಡುತ್ತ ಕೂತೆವು. ಗೋಡೆಯಾಚೆಯಿಂದ ಹುಡುಗಿಯರು ಕರೆದರು. ಅಂದು ನಾನು ತಿರುಗಿ ನೋಡಲಿಲ್ಲ. ಅದರಿಂದ ಏನು ಬಂತು, ಎರಡು ದಿನ ತಡವಾಗಿತ್ತು.

ಆಯಿ ಒಂದು ಮಾತು ಅಂದಳು, ನನಗಲ್ಲ, ತನಗೇ ಎಂಬ ಹಾಗೆ: "ಎಷ್ಟ ಚಲೋ ನೋಡು. ಇದಕ್ಕ ಯಾರನ್ನೂ ಕರೀಬೇಕಾಗಿಲ್ಲ."

"ಆಯಿ, ಬಾಟಲಿಯಾಗಿನ ಎಣ್ಣಿ…" ಎಂದು ಶುರು ಮಾಡಿದೆ.

"ಕುಸುಬಿ ಎಣ್ಣಿ ಪಲ್ಲೆಕ್ಕ ಚಲೋ ಇರ್ತೈತವಾ," ಎಂದಳು, ಅಲ್ಲಿಗೆ ನನ್ನ ಮಾತು ತಡೆದಳು. ಸ್ವಲ್ಪ ಹೊತ್ತಿನ ಮೇಲೆ, "ನಿಮ್ಮವ್ವನ ಮುಂದ ಏನೂ ಹೇಳಬ್ಯಾಡ. ಬಡಿತಾಳ" ಎಂದಳು. ಮೊದಲ ಚಮಚದಲ್ಲೇ ಅವಳಿಗೆ ಗೊತ್ತಾಗಿತ್ತು. ಗೊತ್ತಿದ್ದೂ ನಾಲ್ಕು ದಿನ ಕುಡಿದು, ನಾಲ್ಕು ದಿನ ನರಳಿದ್ದಳು.

ಹೊತ್ತು ಇಳಿಯುವ ಮುಂಚೆ ರಾಣಿ ಹೊರಬಂದು ಮಣ್ಣು ಎಳೆದು ಕುಣಿ ಮುಚ್ಚಿತು. ಹೊಟ್ಟೆ ಬೆನ್ನಿಗೆ ಹತ್ತಿತ್ತು, ಬಣ್ಣ ಮಾಸಿ ಒಣಹುಲ್ಲಿನಂತಾಗಿತ್ತು. ಕುಸಿದ ಗೋಡೆ ಹತ್ತಿ, ಬೇಲಿ ಹಿಡಿದು, ಅದೇ ಗತ್ತಿನಿಂದ ತೂಗುತ್ತ ಹೋಯಿತು. ನಾನು ತಡೆಯಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ನಗುನಗುತ್ತ ಎಲ್ಲರಿಗೂ ಹೇಳುತ್ತಿದ್ದೆ. ಮುಗಿಯಲಿಲ್ಲ. ಅಂದಿನಿಂದ ಮನೆಯಲ್ಲಿ ನಾನೊಬ್ಬಳೇ ಇದ್ದಾಗ ಆಯಿ ನನ್ನನ್ನು ಕರೆಯುವುದನ್ನೇ ಬಿಟ್ಟಳು. ಅವ್ವ ಹೊಲದಿಂದ ಬರುವವರೆಗೆ ತಡೆದುಕೊಳ್ಳುತ್ತಿದ್ದಳು. ತಡೆದುಕೊಳ್ಳಲು ಅವಳು ಕಂಡುಕೊಂಡ ದಾರಿ ಒಂದೇ, ಉಣ್ಣದಿರುವುದು. ಎರಡು ರೊಟ್ಟಿ ತಿನ್ನುತ್ತಿದ್ದವಳು ಒಂದಕ್ಕೆ ಇಳಿದಳು, ಒಂದರಿಂದ ಅರ್ಧಕ್ಕೆ. ನೀರನ್ನೂ ಎಣಿಸಿದಂತೆ ಗುಟುಕು ಗುಟುಕು ಕುಡಿಯುತ್ತಿದ್ದಳು. ಅವ್ವ ನುಚ್ಚು ಮಾಡಿ ನೋಡಿದಳು, ಗೋಧಿ ಹುಗ್ಗಿ ಮಾಡಿದಳು, ಹೆಸರುಬೇಳೆ ಮೆತ್ತಗೆ ಕುದಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ತಾಟು ಹಾಗೇ ತಿರುಗಿ ಬರುತ್ತಿತ್ತು. ಮೊದಮೊದಲು ಅವ್ವ ಬೇಡಿಕೊಂಡಳು. ಆಮೇಲೆ ಬೇಸರಪಟ್ಟಳು. ಕೊನೆಗೆ ತಾಟನ್ನು ಆಯಿಯ ಮುಂದೆ ಸಪ್ಪಳ ಮಾಡಿ ಇಡತೊಡಗಿದಳು. "ಸೊಸಿ ಕೂಳ ಹಾಕೂದಿಲ್ಲ ಅಂತ ಮಂದಿ ಅನ್ಲಿ ಅಂತ ಐತೇನ್ರಿ ನಿಮ್ಮ ಮನಸಿನ್ಯಾಗ?" ಎಂದು ಒಂದು ದಿನ ಕೇಳಿಯೇಬಿಟ್ಟಳು.

ಕಾರಣ ನನಗೂ ಮೊದಲು ಹೊಳೆದಿರಲಿಲ್ಲ. ಒಂದು ಮಧ್ಯಾಹ್ನ ಆಯಿಯ ವಾರಿಗೆಯ ಮುದುಕಿಯೊಬ್ಬಳು ಮಾತಾಡಲು ಬಂದಿದ್ದಳು. ನಾನು ಬಾಗಿಲ ಹಿಂದೆ ಪಾಠ ಬರೆಯುತ್ತಿದ್ದೆ. "ಯಾಕ ಇಷ್ಟ ಒಣಗಿದೀಯಬೇ?" ಎಂದು ಆಕೆ ಕೇಳಿದಳು. ಆಯಿ ಮೆಲ್ಲಗೆ, "ಉಂಡ್ರ ಏಳಬೇಕಾಗತೈತಿ. ಎದ್ರ ಯಾರನರ ಕರೀಬೇಕಾಗತೈತಿ. ಕೂಸಿಗೆ ಹೇಸಿಗಿ ಬರ್ತೈತಿ" ಎಂದಳು. ಬರೆಯುತ್ತಿದ್ದ ಪೆನ್ಸಿಲ್ಲಿನ ಮೊನೆ ಮುರಿಯಿತು. ಅಷ್ಟಾದರೂ ನಾನು ಎದ್ದು ಹೋಗಿ ಅವಳ ಕೈ ಹಿಡಿಯಲಿಲ್ಲ. ಅವ್ವನಿಗೂ ಹೇಳಲಿಲ್ಲ. ಹೇಳಿದರೆ ಎಣ್ಣೆಯಿಂದ ಹಿಡಿದು ಎಲ್ಲವೂ ಹೊರಬೀಳುತ್ತಿತ್ತು. ಆಯಿ ಇನ್ನೂ ಎರಡು ವರ್ಷ ಬದುಕಿದಳು. ಹೋಗುವಾಗ ಹೊರಸಿನ ಮೇಲೆ ಮಗುವಿನಷ್ಟು ಜಾಗ ಸಾಕಾಗಿತ್ತು ಅವಳಿಗೆ.

ಈಗ ನಾನು ಗಜೇಂದ್ರಗಡದಲ್ಲಿ ಸಾಲಿ ಟೀಚರು. ಸವಡಿಯ ದಾರಿಗಳೆಲ್ಲ ಡಾಂಬರು ಕಂಡಿವೆ, ಜಾಲಿ ಬೇಲಿ ಕಡಿದು ತಂತಿ ಎಳೆದಿದ್ದಾರೆ. ಹೆಸರು ಬೆಳೆಗೆ ಮೂರು ಸಲ ಔಷಧಿ ಹೊಡೆಯುತ್ತಾರೆ, ಮಿಡತೆ ಹಿಡಿಯಲು ಹೋದರೆ ಮಿಡತೆಯೇ ಇಲ್ಲ. ನನ್ನ ವರ್ಗದ ಮಕ್ಕಳಿಗೆ ಗೋಸುಂಬೆ ಎಂದರೆ ಟಿವಿಯಲ್ಲಿ ಒಬ್ಬ ರಾಜಕಾರಣಿ ಇನ್ನೊಬ್ಬನನ್ನು ಬೈಯುವ ಮಾತು. ಅದೊಂದು ಪ್ರಾಣಿ, ಅದರ ಕಣ್ಣು ಎರಡು ಕಡೆಗೆ ತಿರುಗುತ್ತದೆ ಎಂದರೆ 'ಖರೇ ಏನ್ರಿ ಟೀಚರ್?' ಎಂದು ಕೇಳುತ್ತಾರೆ. ಇವನ್ನೆಲ್ಲ ಕಳೆದುಹೋದವು ಎಂದು ಬರೆಯುವುದು ಸುಲಭ. ಎಲ್ಲರೂ ಕಳೆದುಕೊಂಡದ್ದು ಅದು.

ಹೋದ ಶ್ರಾವಣದಲ್ಲಿ ಅವ್ವ ನಮ್ಮ ಮನೆಗೆ ಬಂದಿದ್ದಳು. ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆವು. ಯಾವುದೋ ಮಾತಿಗೆ ಆಯಿಯ ಸುದ್ದಿ ಬಂತು. ಅವ್ವ, "ಪುಣ್ಯಾತಗಿತ್ತಿ, ಎಲ್ಲಾ ಚಲೋನ ಇದ್ಲು. ಕಡೀಕ ಯಾಕೋ ನನ್ನ ಕೈಯಾಗಿಂದು ಆಕಿಗೆ ಸೇರಲಿಲ್ಲ" ಎಂದಳು. ನನಗೆ ಇನ್ನು ತಡೆಯಲಾಗಲಿಲ್ಲ. ಗೋಸುಂಬೆ, ಎಣ್ಣೆ, ಮೂರು ಸಲದ ಕರೆ, ಮೂಗು ಹಿಡಿದದ್ದು, ಬಾಗಿಲ ಹಿಂದೆ ಕೇಳಿದ ಮಾತು, ಎಲ್ಲ ಹೇಳಿದೆ. ಹೇಳುವಷ್ಟೂ ಹೊತ್ತು ಅವ್ವ ಒಂದೇ ಬೆಳ್ಳುಳ್ಳಿಯನ್ನು ತಿರುಗಿಸುತ್ತ ಕೂತಿದ್ದಳು.

"ಬೈಯವ್ವಾ, ಒಂದೀಟ ಬೈಯಿ," ಎಂದೆ.

ಅವ್ವ ಬೈಯಲಿಲ್ಲ. "ನನ್ನ ಅಡಗಿ ಸೇರೂದಿಲ್ಲ ಅಂತ ತಿಳದಿದ್ದೆನಲ್ಲವಾ ನಾನು," ಎಂದಳು. "ಎರಡ ವರ್ಷ ಆಕಿ ಕೂಡ ನೆಟ್ಟಗ ಒಂದ ಮಾತ ಆಡಲಿಲ್ಲ. ಸಾಯೂ ಮುಂದ ಆಕಿ ನನ್ನ ಕೈ ಹಿಡದ್ಲು. ಈಗ ನೆನಪಾತೇನ ನಾನು ಅಂತ ಬಿಡಿಸ್ಕೊಂಡೆ."

ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಸುಲಿಯದೆ ಮೊರದಲ್ಲಿ ಇಟ್ಟಳು.

"ಆಗ ಒಂದ ಮಾತ ಹೇಳಿದ್ರ ಸಾಕಿತ್ತು, ಗಿರಿಜಾ. ಹೆಸರಿನ ಬೆಳಿ ಹೋದ್ರ ಹೋಗ್ಲಿ ಅಂತ ನಾನ ಮನಿಯಾಗ ಇರತಿದ್ದೆ."

ಅವಳು ಬೆಳ್ಳುಳ್ಳಿಯ ಮೊರ ನನ್ನ ಕಡೆ ಸರಿಸಿ, ಒಳಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಹೊಡೆತಕ್ಕೆ ಹೆದರಿ ನಾನು ಕಾಪಾಡಿಕೊಂಡ ಮೌನ ಇಬ್ಬರು ಹೆಂಗಸರ ಎರಡು ವರ್ಷಗಳನ್ನು ತಿಂದು ಹಾಕಿತ್ತು. ನಾನು ಉಳಿದ ಬೆಳ್ಳುಳ್ಳಿಯನ್ನು ಒಬ್ಬಳೇ ಸುಲಿದೆ.